ಪ್ಯಾಮೆಲಾಳನ್ನು ಕರೆಯುವ ಕೆಲಸ

ಕ್ಯಾಂಪ್‌ಬೆಲ್
೧೬-೧೦-೧೯೮೬

ಪ್ರೀತಿಯ ಲಿಂಗಮ್ಮ,

ನಿನ್ನ ಮಂಡಿನೋವು ಹೇಗಿದೆ? ಮಗಳ ಬಾಣಂತನ ಮಾಡುತ್ತೇನೆಂದು ಊರಲ್ಲೇ ಉಳಿದವಳು ನೀನೇ ಹಾಸಿಗೆ ಹಿಡಿಯಬೇಡ. ಜಲಜಾ ಹೊಟ್ಟೆ ತುಂಬ ಉಣ್ಣುತ್ತಾಳೋ? ನಾನು ಈ ಪರದೇಶದಲ್ಲಿ, ಮಗನ ಮನೆಯಲ್ಲಿ ಇದ್ದೇನೆ. ಜಯರಾಮನೂ ಸೊಸೆಯೂ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಬೀದಿಯಲ್ಲಿ ಕಾರು ಬಿಟ್ಟರೆ ನರಪಿಳ್ಳೆ ಇಲ್ಲ.

ಸುಮ್ಮನೆ ಕೂತು ರೇಗಾಡುತ್ತೇನೆಂದು ಮಗ ನನ್ನನ್ನು ದೊಡ್ಡವರ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ್ದಾನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಡಿದವನಿಗೆ ಈ ವಯಸ್ಸಿನಲ್ಲಿ ಮತ್ತೆ ಬೆಂಚು. ಪಕ್ಕದಲ್ಲಿ ಕೂರುವವನು ಎಲಿಯಾಸ್, ನಮ್ಮ ಹಿಂದಿನ ಬೀದಿಯ ಮುದುಕ, ಅರಬ್ಬಿ ಮಾತಾಡುವವನು. ಅವರ ಭಾಷೆಯಲ್ಲಿ ‘ಪ’ ಇಲ್ಲವಂತೆ. ಪೇಪರಿಗೆ ಬೇಬರ್ ಅನ್ನುತ್ತಾನೆ. ಟೀಚರಮ್ಮ ಬಾಯೆದುರು ಕಾಗದದ ಚೂರು ಹಿಡಿದು, ಉಸಿರಿಗೆ ಇದು ಅಲ್ಲಾಡಬೇಕು ಅನ್ನುತ್ತಾಳೆ. ಮೊದಲು ನನ್ನದೂ ಅಲ್ಲಾಡಲಿಲ್ಲ. ನಿನ್ನ ಊದುಕೊಳವೆ ನೆನೆದು, ಊದುತ್ತಲೇ ‘ಪ’ ಅಂದೆ, ಹಾರಿತು. ಅವನಿಗೂ ತೋರಿಸಿದೆ. ಅವನು ಮೊದಲು ಊದುತ್ತಾನೆ, ಕಾಗದ ಹಾರುತ್ತದೆ, ಆಮೇಲೆ ನಿಧಾನವಾಗಿ ‘ಬ’ ಅನ್ನುತ್ತಾನೆ. ತಲೆಕೆಟ್ಟು ಕನ್ನಡದಲ್ಲೇ ಬೈದೆ. ಪಾಪ, ಪಾಠವೆಂದುಕೊಂಡು ತಲೆಯಾಡಿಸಿದ.

ಅವನಿಗೆ ಬೇಕಿರುವುದು ಒಂದೇ ಹೆಸರು. ಮೊಮ್ಮಗಳು ಪ್ಯಾಮೆಲಾ. ಸ್ಕೂಲು ಬಿಟ್ಟಾಗ ಇವನು ಗೇಟಿನಲ್ಲಿ ನಿಂತು ಬ್ಯಾಮೆಲಾ ಎಂದು ಕೂಗಿದರೆ ಉಳಿದ ಮಕ್ಕಳು ನಗುತ್ತವೆ. ಅವಳು ಕೇಳಿಸಲೇ ಇಲ್ಲವೆಂಬಂತೆ ನಿಲ್ಲುತ್ತಾಳೆ. ಕರೆಯುವುದಕ್ಕೆ ಬೇರೆ ಹೆಸರಿಟ್ಟುಕೋ, ನಮ್ಮಲ್ಲಿ ಮನೆಯೊಳಗೆ ಯಾರು ಶಾಲೆಯ ಹೆಸರು ಕೂಗುತ್ತಾರೆ ಎಂದು ಅರೆಬರೆ ಇಂಗ್ಲಿಷಿನಲ್ಲಿ, ಕೈಬಾಯಿ ಆಡಿಸಿ ಹೇಳಿದೆ. ಹಬೀಬಾ, ಅಂದರೆ ಅವರ ಮಾತಿನಲ್ಲಿ ಮುದ್ದಿನವಳು, ಎಂದು ಕರೆದು ನೋಡಿದನಂತೆ. ಅದು ನನ್ನ ಹೆಸರಲ್ಲ ಅಂದಳಂತೆ.

ಕಡೆಗೆ ಹೋದ ವಾರ ನನ್ನ ತೋಳು ಹಿಡಿದು, “ನಿನಗೆ ಬರುತ್ತಲ್ಲ, ನೀನು ಕರಿ” ಅಂದ. ಹೋದೆ. ಊದಿ ಕರೆದೆ. ಮಗು ಓಡಿಬಂತು, ನನ್ನ ಹತ್ತಿರಕ್ಕೆ. ಅವನು ಅವಳ ಬ್ಯಾಗು ಹೊತ್ತು ಹಿಂದೆ ಹಿಂದೆ ಬಂದ. ನಗುತ್ತಲೇ ಇದ್ದ ಆ ಬಡಪಾಯಿ.

ಜಲಜಾಳಿಗೂ ಕೂಸಿಗೂ ನನ್ನ ಹರಕೆ ಮುಟ್ಟಿಸು. ತಣ್ಣೀರಲ್ಲಿ ಕೈಯಾಡಿಸಬೇಡ.

ನಿನ್ನ
ಮುನಿರಾಜು

ಮಡಿಸುವ ಮುಂಚೆ ಇನ್ನೊಂದು ಮಾತು: ಅವತ್ತಿನಿಂದ ದಿನಾ ನಾನೇ ಕರೆಯುತ್ತಿದ್ದೇನೆ. ನಿನ್ನೆ ಆ ಮಗು ನನ್ನ ಬೆರಳು ಹಿಡಿದು, ಅವನೆದುರಿಗೇ, ನನ್ನನ್ನು ‘ಗ್ರ್ಯಾಂಡ್‌ಪಾ’ ಅಂದಿತು. ಅವನನ್ನು ಅದು ಹಾಗೆ ಕರೆದದ್ದು ನಾನು ಕೇಳಿಲ್ಲ. ಬರುವುದಿಲ್ಲ ಅನ್ನೋಣವೆಂದರೆ ಅವನು ಮತ್ತೆ ಗೇಟಿನಲ್ಲಿ ಕೂಗುತ್ತ ನಿಲ್ಲಬೇಕು. ನನಗೆ ಏನೂ ತೋಚುತ್ತಿಲ್ಲ ಲಿಂಗಮ್ಮ, ನೀನೇ ಹೇಳು. ಸ್ಕೂಲು ಬಿಡುವ ಹೊತ್ತಾಯಿತು, ಬಾಗಿಲು ತಟ್ಟುತ್ತಿದ್ದಾನೆ. ನಿನ್ನ ಕಾಗದ ಬರುವುದರೊಳಗೆ ಇನ್ನೆಷ್ಟು ಸಲ ಕರೆಯಬೇಕೋ.