ತನ್ನ ಬುತ್ತಿ ತಾನು ತಿನ್ನಬಾರದು

ಮು. ಪೋ. ಕಾಗವಾಡ, ತಾ. ಅಥಣಿ
೨೪ ಏಪ್ರಿಲ್ ೧೯೯೩

ಚಿ. ಸೌ. ಮಂಗಲಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅಣ್ಣ ಭರಮು, ಅತ್ತಿಗೆ ಕಾಶಿಬಾಯಿ, ಈಚೆಗೆ ಈದ ಎಮ್ಮೆ ಸಹಿತ ಎಲ್ಲರೂ ಹೊಟ್ಟೆ ತುಂಬ ಉಂಡು ನೆಟ್ಟಗಿದ್ದೇವೆ. ಗದಗಿನ ಬಿಸಿಲಿನಲ್ಲಿ ನೀನೂ ಅಳಿಯಂದಿರೂ ನೆರಳು ಹಿಡಿದು ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತು, ಸಿಟ್ಟು ಮಾಡಬೇಡ. ನೆಪ ಹೇಳುವುದಾದರೆ ಒಣದ್ರಾಕ್ಷಿಯ ಕೆಲಸವಿತ್ತು, ಮಣುಕವನ್ನು ಜಾಳಿಗೆಯಿಂದ ಇಳಿಸಿ, ತೊಟ್ಟು ಬಿಡಿಸಿ, ಚೀಲ ಹೊಲಿಯುವ ಹೊತ್ತಿಗೆ ಎಲ್ಲರ ಸೊಂಟ ಬಿದ್ದುಹೋಯಿತು. ನಿಜ ಹೇಳುವುದಾದರೆ ನಿನ್ನ ಪತ್ರದ ಕೊನೆಯ ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅವ್ವ ಹೋಗಿ ವರ್ಷ ತುಂಬಿಲ್ಲ, ಈ ಸಲವೂ ಗೆಳೆಯರ ಕೂಡ ತಿರುಗಾಟಕ್ಕೆ ಹೋಗುತ್ತೀಯೇನಪ್ಪಾ’ ಎಂದು ಬರೆದಿದ್ದೆ.

ಹೋಗಿ ಬಂದೆ, ಮಂಗಲ. ಅದನ್ನೇ ಹೇಳಲು ಕುಳಿತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಬೇಕೆನಿಸಿದರೆ ಬೈ.

ನಿನಗೆ ಗೊತ್ತೇ ಇದೆ, ಮಣುಕದ ಕೆಲಸ ಮುಗಿದು ಬಳ್ಳಿ ಕತ್ತರಿಸುವ ಚಾಟಣಿ ಶುರುವಾಗುವುದರ ನಡುವೆ ನಮಗೆ ಸಿಗುವುದು ಒಂದಿಷ್ಟು ಪುರುಸೊತ್ತು. ಏಕಸಂಬಿಯ ರಾವಸಾಹೇಬನಿಗೂ ಆಗ ಕಬ್ಬು ಫ್ಯಾಕ್ಟರಿಗೆ ಹೋಗಿ ಮುಗಿದಿರುತ್ತದೆ. ದಿಗ್ಗೇವಾಡಿಯ ಜಕ್ಕಪ್ಪ ಕುರಿಗಳನ್ನು ತಮ್ಮನ ಕೈಗೆ ಕೊಟ್ಟು ಬಂದುಬಿಡುತ್ತಾನೆ. ಚಿಕ್ಕೋಡಿಯ ಬೋರ್ಡಿಂಗಿನಲ್ಲಿ ಒಂದೇ ಕೋಣೆಯಲ್ಲಿ ಇದ್ದು ಓದಿದ ಮೂವರು ಹೀಗೆ ವರ್ಷಕ್ಕೊಮ್ಮೆ ಕೂಡುತ್ತೇವೆ. ಎಲ್ಲಿಗೆ ಹೋದರೂ ಏಪ್ರಿಲ್ ತಿಂಗಳೇ. ಹೀಗಾಗಿ ಗೋಕಾಕದ ಫಾಲ್ಸಿಗೆ ಎಷ್ಟು ಸಲ ಹೋದರೂ ನಾವು ಅಲ್ಲಿ ನೀರು ಕಂಡವರಲ್ಲ. ಒಣಗಿದ ಬಂಡೆಯನ್ನು ನೋಡಿ ರಾವಸಾಹೇಬ ‘ಮಳಿಗಾಲದಾಗ ಭಾರೀ ಇರತೇತಂತ’ ಎನ್ನುವುದು, ಜಕ್ಕಪ್ಪ ‘ಹಂಗಾರ ಮಳಿಗಾಲದಾಗ ಬಂದಾಂವನ್ನ ಕರಕೊಂಡ ಬಂದು ಅಂವನ್ನ ನೋಡೂಣು’ ಎನ್ನುವುದು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿದವನಲ್ಲ. ಗಂಡಸರ ಹುಡುಗಾಟಿಕೆ, ಹೇಳುವುದೇನು ಎಂದು. ಮೊದಲ ಸಲ ಹೋದಾಗ ಒಂದು ಆಲದ ಕೆಳಗೆ ಮೂವರೂ ತಮ್ಮ ತಮ್ಮ ಬುತ್ತಿ ಬಿಚ್ಚಿದೆವು. ಆಗ ಜಕ್ಕಪ್ಪ ಎದ್ದು ನಿಂತು, ‘ತಡೀರ್ಲೇ! ಮನ್ಯಾಗ ದಿನಾ ತಿನ್ನೂದನ್ನ ಇಲ್ಲೂ ತಿನ್ನೂದಾದ್ರ ಹೊರಗ ಯಾಕ ಬರಬೇಕು? ತನ್ನ ಬುತ್ತಿ ತಾ ಮುಟ್ಟಬಾರದು’ ಎಂದು ಮೂರು ಗಂಟುಗಳನ್ನೂ ಕಸಿದುಕೊಂಡ. ಅಂದಿನಿಂದ ಅದೇ ರೂಢಿ. ನಾನು ತಂದದ್ದು ಅವರಿಬ್ಬರಿಗೆ, ಅವರು ತಂದದ್ದು ನನಗೆ. ನಾವು ಮಾಂಸ ಮುಟ್ಟುವವರಲ್ಲವೆಂದು ಜಕ್ಕಪ್ಪನ ಹೆಂಡತಿ ಮಲಕವ್ವ ಆ ದಿನ ಬೇರೆ ಒಲೆ ಹೂಡಿ ಶೇಂಗಾ ಹೋಳಿಗೆ ಮಾಡಿ ಕಳಿಸುತ್ತಾಳೆ. ಅಂಥ ಹೋಳಿಗೆ ಈ ಸೀಮೆಯಲ್ಲಿ ಇಲ್ಲ.

ನಿಮ್ಮವ್ವ ನನ್ನ ಬುತ್ತಿಗೆ ಏನು ಕಟ್ಟುತ್ತಿದ್ದಳು ಎಂಬುದು ನಿನಗೆ ಹೇಳಬೇಕಿಲ್ಲ. ಕಟಕ ರೊಟ್ಟಿ, ಗಟ್ಟಿ ಮೊಸರು, ಅದರ ಜೊತೆ ಹೊಸ ಮಣುಕ, ಬ್ಯಾಡಗಿ ಮೆಣಸಿನಕಾಯಿ, ಹುಣಸೆ ಹಾಕಿ ಒಳಕಲ್ಲಿನಲ್ಲಿ ಕುಟ್ಟಿದ ಚಟ್ನಿ. ವರ್ಷಕ್ಕೆ ಒಂದೇ ಸಲ, ಆ ದಿನಕ್ಕೇ. ಮಾರುವ ಮಾಲು ಮನೆಯವರ ಬಾಯಿಗೆ ಹೋಗಬಾರದೆಂದು ಬೇರೆ ದಿನ ಮಣುಕದ ಚೀಲಕ್ಕೆ ಕೈ ಹಾಕಗೊಡುತ್ತಿರಲಿಲ್ಲ.

ಈ ಸಲ ರಾವಸಾಹೇಬ ಬರುವಂತೆ ಹೇಳಿಕಳಿಸಿದಾಗ ನಿನಗಿಂತ ಮೊದಲು ನಾನೇ ಬೇಡವೆಂದೆ. ಹೋಗುವ ಮನಸ್ಸಿರಲಿಲ್ಲವೆಂದಲ್ಲ. ಕೈಯಲ್ಲಿ ಏನು ಹಿಡಿದು ಹೋಗಲಿ? ಕಾಶಿಬಾಯಿ ಪಾಪ, ‘ಮಾವಾ, ನಾ ಕಟ್ಟಿಕೊಡ್ತೀನಿ’ ಎಂದಳು. ಅವಳ ಕೈ ಚಲೋ ಇದೆ. ಆದರೆ ಆ ಗಂಟನ್ನು ಬಿಚ್ಚಿ ಇಬ್ಬರು ಮುದುಕರು ಸುಮ್ಮನೆ ‘ಚಲೋ ಐತಿ, ಚಲೋ ಐತಿ’ ಎನ್ನುವುದನ್ನು ನಾನು ಎದುರಿಗೆ ಕುಳಿತು ಕೇಳಲಾರೆ ಅನಿಸಿತು. ಕೊನೆಗೆ ಹೀಗೆ ಹೇಳಿಕಳಿಸಿದೆ: ಈ ಸಲ ಯಾರೂ ಬುತ್ತಿ ತರಬಾರದು, ಎಲ್ಲ ಹೊಟೇಲಿನಲ್ಲೇ, ಹಾಗಿದ್ದರೆ ಬರುತ್ತೇನೆ. ಚೇಂಜ್ ಆಫ್ ಏರ್ ಈಸ್ ದಿ ಬೆಸ್ಟ್ ಮೆಡಿಸಿನ್ ಎಂದು ನಮ್ಮ ಇಂಟರಿನ ಪ್ರೊಫೆಸರರು ಹೇಳುತ್ತಿದ್ದರು. ಅಥವಾ ಲಾಫ್ಟರ್ ಎಂದರೋ. ಅದೇ ವರ್ಷ ನಾನು ನಪಾಸಾದದ್ದರಿಂದ ಖಾತ್ರಿಯಿಲ್ಲ.

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿದರೆ ರಾವಸಾಹೇಬನ ಜೀಪು ನಿಂತಿತ್ತು. ಹಿಂದೆ ಕುಳಿತ ಜಕ್ಕಪ್ಪ ಹೊಸ ಪಟಕಾ ಸುತ್ತಿದ್ದ. ನನ್ನ ಬರಿಗೈ ನೋಡಿ ತನ್ನ ಎರಡೂ ಅಂಗೈ ಎತ್ತಿ ತೋರಿಸಿ, ‘ನಾವೂ ಹಂಗ ಬಂದೇವಿ ನೋಡ್ರಪಾ ಸಾಹೇಬ್ರ, ನಿಮ್ಮ ಆರ್ಡರ್ ಪ್ರಕಾರ’ ಎಂದ. ‘ಮಲಕವ್ವ ಬೈದಾಳ. ಒಲಿ ಹೂಡೂದ ಬ್ಯಾಡಂದ್ರ ನಾ ಏನ ಪಾಪ ಮಾಡೇನಿ ಅಂತಾಳ.’

ನಿಪ್ಪಾಣಿಗೆ ಮುಟ್ಟುವಾಗ ತಂಬಾಕಿನ ಘಾಟಿಗೆ ರಾವಸಾಹೇಬ ಮೂರು ಸಲ ಸೀನಿದ. ಪೇಟೆಯೊಳಗಿನ ಒಂದು ಹೊಟೇಲಿಗೆ ಹೋದೆವು. ರಾವಸಾಹೇಬನಿಗೆ ಮೊಳಕೆಕಾಳಿನ ಖಾರದ ಮಿಸಳ ಎಂದರೆ ಪ್ರಾಣ. ನನಗೋ, ನಿನಗೆ ಗೊತ್ತು, ಬಳ್ಳೊಳ್ಳಿ ಆಗಿಬರುವುದಿಲ್ಲ; ಒಂದು ಎಸಳು ಹೊಟ್ಟೆಗೆ ಹೋದರೂ ಮೈಯೆಲ್ಲ ಗಂಧೆ ಏಳುತ್ತವೆ. ಮಾಣಿಯನ್ನು ಕರೆದು ‘ಲಸೂಣ ಇಲ್ಲದ ಮಿಸಳ ಸಿಗತದೇನಪಾ’ ಎಂದೆ. ಅವನು ಒಳಗೆ ತಿರುಗಿ, ‘ಶೇಠ್, ಬಿನ್ ಲಸೂಣಾಚಿ ಮಿಸಳ ಪಾಹಿಜೆ ಮ್ಹಣೆ!’ ಎಂದು ಕೂಗಿದ. ಗಲ್ಲೆಯ ಮೇಲಿನ ಶೇಠ್ ನನ್ನನ್ನು ನೋಡಿ, ‘ಕಾಕಾ, ಅದಕ್ಕ ನೀವು ಚಹಾ ಕುಡೀರಿ’ ಎಂದ. ಇಡೀ ಹೊಟೇಲು ನಕ್ಕಿತು. ನಾನು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದೆ.

‘ಇದಕ್ಕ ನೋಡು ಬುತ್ತಿ ಬೇಕು’ ಎಂದ ಜಕ್ಕಪ್ಪ. ರಾವಸಾಹೇಬ ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಾಣಿಸಿತು.

ಅಲ್ಲಿಂದ ತವನಿಧಿಗೆ ಹೋದೆವು. ಬೆಟ್ಟದ ಓರೆಯಲ್ಲಿ ಬಸದಿ, ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗೆ. ದರ್ಶನ ಮಾಡಿ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಕೆಳಗೆ ಹೈವೇಯ ಲಾರಿಗಳು ಇರುವೆ ಸಾಲಿನಂತೆ ಘಟ್ಟ ಹತ್ತುತ್ತಿದ್ದವು. ಬಹಳ ಹೊತ್ತು ಮೂವರೂ ಮಾತಾಡಲಿಲ್ಲ, ಮಾತಾಡಬೇಕೆಂದೂ ಅನಿಸಲಿಲ್ಲ. ನಿಮ್ಮವ್ವ ಹೋದಮೇಲೆ ನನ್ನೆದುರು ಎಲ್ಲರೂ ಏನಾದರೊಂದು ಮಾತಾಡುತ್ತಲೇ ಇದ್ದಾರೆ. ಸುಮ್ಮನೆ ನನ್ನ ಪಕ್ಕ ಕುಳಿತವರು ಇವರಿಬ್ಬರೇ. ನಿನ್ನ ಪ್ರಶ್ನೆಗೆ ಉತ್ತರವಿದ್ದರೆ ಇದೇ ಇರಬಹುದು.

ಊಟಕ್ಕೆ ಕೊಗನೊಳ್ಳಿ. ಗಡಿಯ ಊರು, ಲಾರಿಯವರ ಧಾಬಾ, ಹಗ್ಗದ ಮಂಚದ ಮೇಲೆ ಹಲಗೆಯಿಟ್ಟು ತಾಟು ಕೊಡುತ್ತಾರೆ. ಧಾಬಾದವಳು ದುಂಡವ್ವ ಎಂಬ ದೊಡ್ಡ ಕುಂಕುಮದ ಹೆಣ್ಣುಮಗಳು. ಬಳ್ಳೊಳ್ಳಿಯ ಮಾತು ಹೇಳಿದರೆ ನಗಲಿಲ್ಲ. ‘ಕುಂಡ್ರಿ ಅಣ್ಣಾ, ನಿಮಗ ಬ್ಯಾರೆ ಬ್ಯಾಳಿ ಒಗ್ಗರಣಿ ಹಾಕತೀನಿ’ ಎಂದು ಹಾಗೆಯೇ ಮಾಡಿಕೊಟ್ಟಳು. ಬಿಸಿ ರೊಟ್ಟಿ, ಜುಣಕಾ, ಉಳ್ಳಾಗಡ್ಡಿ. ಊಟ ಚೆನ್ನಾಗಿತ್ತು. ಆದರೂ ಜಕ್ಕಪ್ಪ ಅರ್ಧಕ್ಕೆ ಕೈ ನಿಲ್ಲಿಸಿ ಕುಳಿತ.

‘ಯಾಕಲೇ, ಸೇರವಲ್ದೇನ?’ ಎಂದ ರಾವಸಾಹೇಬ.

‘ಸೇರತೇತಿ. ಆದ್ರ ಹೊಟೇಲ ರೊಟ್ಟಿಗೆ ಯಾರ ಹೆಸರೂ ಇರೂದಿಲ್ಲ ನೋಡು. ಇದು ನಿಮ್ಮ ಸೋನಾಬಾಯಿದು, ಇದು ನಮ್ಮ ಮಲಕಿದು, ಇದು ಕೆಂಚವ್ವ ವೈನಿದು ಅನಕೋತ ತಿಂತಿದ್ವಿ. ಇದನ್ನ ಏನಂತ ತಿನ್ನೂದು?’

ರಾವಸಾಹೇಬ ಈ ಸಲ ಕಾಲು ತುಳಿಯಲಿಲ್ಲ. ಅವನೂ ತಾಟು ಸರಿಸಿ, ‘ವೈನೀದ ಮಣುಕದ ಚಟ್ನಿ…’ ಎಂದು ಅಲ್ಲಿಗೇ ನಿಲ್ಲಿಸಿದ.

‘ಅನ್ರಲೇ, ಅನ್ರಿ’ ಎಂದೆ ನಾನು. ‘ಅಕಿ ಹೆಸರ ತಗೀಬಾರದಂತ ಕೋರ್ಟ ಆರ್ಡರ್ ಏನೂ ಆಗಿಲ್ಲ.’

ಅಷ್ಟು ಸಾಕಾಯಿತು. ಕಟ್ಟೆ ಒಡೆದ ಹಾಗೆ ಇಬ್ಬರೂ ಶುರುಮಾಡಿದರು. ಮೊದಲು ಸಿಹಿ, ನಾಲಿಗೆಯ ಹಿಂದೆ ಹುಳಿ, ಗಂಟಲಿಗೆ ಇಳಿಯುವಾಗ ಖಾರ ಎಂದು ರಾವಸಾಹೇಬ. ಅಲ್ಲ, ಖಾರವೇ ಮೊದಲು ಎಂದು ಜಕ್ಕಪ್ಪ. ಜಗಳ ನನ್ನ ಹತ್ತಿರ ತೀರ್ಪಿಗೆ ಬಂತು. ‘ನೀನ ಹೇಳಪಾ, ಮನೀ ಯಜಮಾನ.’ ನಾನು ಏನು ಹೇಳಲಿ? ನಾನು ಅದನ್ನು ತಿಂದವನೇ ಅಲ್ಲ. ನಗು ಬಂತು. ‘ದಿ ಪ್ರೂಫ್ ಆಫ್ ದಿ ಪುಡಿಂಗ್ ಈಸ್ ಇನ್ ದಿ…’ ಎಂದು ಶುರುಮಾಡಿದೆ, ಮುಂದಿನ ಶಬ್ದ ನೆನಪಾಗಲಿಲ್ಲ. ‘ಫೇಲ್!’ ಎಂದ ರಾವಸಾಹೇಬ. ಅವನಾದರೂ ಪಾಸಾದವನಲ್ಲ.

ಆಗ ಜಕ್ಕಪ್ಪ ಇನ್ನೊಂದು ಮಾತು ಹೇಳಿದ. ‘ದೊಡ್ಡ ಗಂಟಿಂದು ಇರವಲ್ದ್ಯಾಕ, ರೊಟ್ಟಿ ನಡುವ ಬಾಳಿ ಎಲ್ಯಾಗ ಸುತ್ತಿದ್ದ ಒಂದ ಸಣ್ಣ ಗಂಟ ಇರತಿತ್ತಲ್ಲ, ಅದರ ಚಟ್ನಿ ಅಂದ್ರ ಅಮೃತ! ತುಪ್ಪ ಹಾಕಿ ಕಲಸಿದ್ದಿರತಿತ್ತು, ದೊಡ್ಡದರಾಗಿನ ಹಂಗ ಬಳ್ಳೊಳ್ಳಿ ಇರತಿರಲಿಲ್ಲ. ಅದಕ್ಕ ನಾನೂ ಇಂವನೂ ಹರ ವರ್ಷ ಕಾದಾಡತಿದ್ವಿ. ಎರಡ ಥರ ಯಾಕ ಮಾಡತಿದ್ಳೋ ಪುಣ್ಯಾತ್ಗಿತ್ತಿ.’

ರಾವಸಾಹೇಬ, ‘ಇನ್ನ್ಯಾಕ, ನಮ್ಮ ಮ್ಯಾಲಿನ ಪ್ರೀತಿಗೆ’ ಎಂದ. ನಾನೂ ಹೌದೆಂದೆ. ದುಂಡವ್ವ ಮಜ್ಜಿಗೆ ತಂದಿಟ್ಟಳು, ಕುಡಿದೆವು. ಸಂಜೆ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿಸಿ, ಜಕ್ಕಪ್ಪ ಕಿಟಕಿಯೊಳಗೆ ಕೈ ಹಾಕಿ ನನ್ನ ಭುಜ ಅಲುಗಿಸಿ, ‘ಮುಂದಿನ ವರ್ಷ ಹೊಟೇಲ ಬ್ಯಾಡಲೇ, ನೀ ಬರೇ ಕೈಲೇ ಬಾ, ನಮ್ಮವೆರಡ ಸಾಕು’ ಎಂದ. ಹೂಂ ಎಂದೆ.

ಇಷ್ಟು ಸುದ್ದಿ. ಭರಮು ಸೋಮವಾರದಿಂದ ಚಾಟಣಿ ಹಚ್ಚುತ್ತಾನಂತೆ. ಅಳಿಯಂದಿರಿಗೆ ನನ್ನ ಶರಣು ತಿಳಿಸು. ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡ. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ತಾಟು ತುಂಬಿರಲಿ, ಎದುರಿಗೆ ಉಣ್ಣುವವರು ಇರಲಿ.

ನಿನ್ನ ಅಪ್ಪ,
ಮುರಗೆಪ್ಪ

ತಾ. ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಸಣ್ಣ ಗಂಟು ನನ್ನದು, ಮಂಗಲ. ಬಳ್ಳೊಳ್ಳಿ ಆಗದವನು ಮೂವರಲ್ಲಿ ನಾನೊಬ್ಬನೇ. ನಮ್ಮ ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲ, ಅವಳು ನನಗೆಂದೇ ಬೇರೆ ಕಟ್ಟಿದ್ದು ನನಗೆ ಗೊತ್ತಿರಲಿಲ್ಲ. ತಿರುಗಾಟದಿಂದ ಬಂದ ದಿನ ಕಾಲಿಗೆ ನೀರು ಕೊಡುತ್ತ, ‘ಹೆಂಗಿತ್ತ್ರಿ?’ ಎಂದು ಕೇಳುತ್ತಿದ್ದಳು. ನಾನು ಬುತ್ತಿಯ ಅರಿವೆ ಝಾಡಿಸಿ, ‘ನೋಡು, ಒಂದ ಚೂರೂ ಉಳದಿಲ್ಲ’ ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಅಷ್ಟೊಂದು ಯಾಕೆ ಅರಳುತ್ತಿತ್ತು ಎಂಬುದು ನನಗೆ ತಿಳಿದದ್ದು ಕೊಗನೊಳ್ಳಿಯ ಧಾಬಾದಲ್ಲಿ. ಗೆಳೆಯರಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಅವರು ತಿಂದ ತುತ್ತು ಈಗ ಅವರ ಗಂಟಲಲ್ಲಿ ಸಿಕ್ಕಿಕೊಳ್ಳಬಾರದು.

ಬಸ್ಸಿನಲ್ಲಿ ಆ ಪುಡಿಂಗಿನ ಗಾದೆಯ ಮರೆತ ಶಬ್ದ ನೆನಪಾಯಿತು. ಈಟಿಂಗ್.

ಅವ್ವನ ವರ್ಷದ ದಿನಕ್ಕೆ ನೀನು ಬರುತ್ತೀಯಲ್ಲ. ಈ ಸಲದ ಮಣುಕ ಒಂದು ಹಿಡಿ ತೆಗೆದಿಟ್ಟಿದ್ದೇನೆ. ನೀನು ಸಣ್ಣವಳಿದ್ದಾಗ ಅವಳ ಪಕ್ಕ ಕುಳಿತು ಒಳಕಲ್ಲು ಬಳಿದು ನೆಕ್ಕಿದವಳು, ನಿನ್ನ ನಾಲಿಗೆಗೆ ಗೊತ್ತಿರುತ್ತದೆ. ಬಳ್ಳೊಳ್ಳಿ ಹಾಕದೆ, ತುಪ್ಪದಲ್ಲಿ ಕಲಸಿ, ಬಾಳೆ ಎಲೆಯಲ್ಲಿ ಕಟ್ಟಿಕೊಡು. ತೋಟದಲ್ಲಿ ಕುಳಿತು ತಿನ್ನುತ್ತೇನೆ. ತಿಂದು ಬಂದಾಗ ಕಾಲಿಗೆ ನೀರು ಕೊಡುತ್ತ ನೀನು ಒಂದು ಸಲ ಕೇಳು, ‘ಹೆಂಗಿತ್ತಪಾ?’ ಎಂದು. ಮೊದಲು ಸಿಹಿಯೋ, ಮೊದಲು ಖಾರವೋ, ಹೇಳುತ್ತೇನೆ.