ಆಕ್ಸಿಜನ್ ಪಕ್ಕದಲ್ಲಿ ಮೇಣದ ಬತ್ತಿ

ಸಾಂದು ಮಾಮ,

ಅಜ್ಜಿಯ ನೋವಿನ ಔಷಧಿ ತರಲು ಪೇಟೆಗೆ ಹೊರಟಿದ್ದೀನಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಒಲೆಯ ಮೇಲೆ ಹುಳಿ ಸಾರಿದೆ, ನೀನು ಊಟ ಮಾಡು. ಅಜ್ಜಿಯ ಬಾಯಿಗೆ ತುರುಕಬೇಡ, ತುಟಿ ಒದ್ದೆ ಮಾಡಿದರೆ ಸಾಕು ಅಂತ ನರ್ಸ್ ವಿಯೋರಿಕ ನಿನ್ನೆದುರೇ ಹೇಳಿದ್ದಾರೆ.

ಇನ್ನು ಸಾಯುವ ಹೊತ್ತಿಗೆ ಕೈಗೆ ಕೊಡುವ ಆ ಮೇಣದ ಬತ್ತಿ. ಅಜ್ಜಿ ಕಣ್ಣು ಮುಚ್ಚಿದಾಗಲೆಲ್ಲ ಅದನ್ನು ಹಚ್ಚಿ ಅವಳ ಕೈಗೆ ಹಿಡಿಸಲು ಓಡಬೇಡ, ದಮ್ಮಯ್ಯ! ಅವಳು ನಿದ್ದೆ ಮಾಡ್ತಿರ್ತಾಳೆ ಅಷ್ಟೇ. ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇದೆ. ಒಂದು ಕಿಡಿ ಸಿಕ್ಕರೆ ಸಾಕು, ಅವಳ ಕಥೆಯ ಘಟಸರ್ಪ ಬೆಂಕಿ ಉಗುಳಿದ ಹಾಗೆ ಹಾಸಿಗೆಯೇ ಹೊತ್ತಿಕೊಳ್ಳುತ್ತೆ. ನಿನ್ನೆ ನಾನು ಊದಿ ಆರಿಸಿದ್ದಕ್ಕೆ "ನಮ್ಮಮ್ಮ ಕತ್ತಲಲ್ಲಿ ಹೋಗಬೇಕೇನೇ?" ಅಂತ ನನ್ನ ಮೇಲೇ ರೇಗಿದೆಯಲ್ಲ! ಕೊನೆಗೆ ಅಜ್ಜಿಯೇ ಕಣ್ಣು ಬಿಟ್ಟು, "ಸುಮ್ನಿರೋ, ನಾನಿನ್ನೂ ಹೊರಟಿಲ್ಲ" ಅನ್ನಬೇಕಾಯ್ತು.

ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಗೇಟಿನವರೆಗೂ ಹೋಗಿದ್ದೆ. ಆಮೇಲೆ, ನಾನಿಲ್ಲದಾಗಲೇ ಅವಳು ಹೊರಟುಬಿಟ್ಟರೆ ಅನ್ನಿಸಿತು. ಬೆಳಕಿಲ್ಲದೆ ಹೋದವರಿಗೆ ಆಚೆ ದಾರಿ ತಪ್ಪುತ್ತೆ ಅಂತ ನನಗೂ ಅವಳೇ ಹೇಳಿದ್ದು. ವಾಪಸ್ ಬಂದು ಪೊಟ್ಟಣವನ್ನು ಬ್ರೆಡ್ ಡಬ್ಬಿಯಲ್ಲಿ ಇಟ್ಟಿದ್ದೀನಿ.

ಅಂಥ ಹೊತ್ತು ಬಂತು ಅನ್ನಿಸಿದರೆ ಮೊದಲು ನರ್ಸ್‌ಗೆ ಫೋನ್ ಮಾಡು. ಅವರು ಹೂಂ ಅಂದರೆ ಮಾತ್ರ ಆಕ್ಸಿಜನ್ ಯಂತ್ರ ಆರಿಸು, ನಳಿಗೆ ತೆಗೆ, ಎರಡೂ ಕಿಟಕಿ ತೆರೆ. ಜೀವ ಹೊರಗೆ ಹೋಗಲಿಕ್ಕೆ ದಾರಿ ಅಂತ ಹೇಗೂ ತೆರೀತೀಯ. ಚೆನ್ನಾಗಿ ಗಾಳಿ ಆಡಲಿ. ಆಮೇಲೆ ಬತ್ತಿ ಹಚ್ಚಿ, ಅವಳ ಕೈಗಿಟ್ಟು, ಆ ಕೈಯನ್ನು ನೀನು ಭದ್ರವಾಗಿ ಹಿಡಿದುಕೋ. ಪ್ರತಿಸಲವೂ ನಡುಗೋದು ನಿನ್ನ ಕೈ, ಅವಳದಲ್ಲ.

ಇಲಿಂಕ