ಗೋಡೆಯೊಳಗೆ ಹೋದ ನನ್ನ ಎಡಗಾಲಿನ ಬೂಟು

ಅಕ್ಕಾ,

ಒಂಟಿ ಬೂಟು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಸೋಮವಾರ ನಾವು ವಾಸವಿದ್ದು ರಿಪೇರಿ ಮಾಡಿಸುತ್ತಿರುವ ಈ ಹಳೇ ಕೋಟೆಯ ಅಗ್ಗಿಷ್ಟಿಕೆಯ ಹಿಂದಿನ ಗೋಡೆ ಬಿಚ್ಚಿದಾಗ ಕಲ್ಲುಗಳ ನಡುವೆ ಒಂದು ಮಗುವಿನ ಚರ್ಮದ ಷೂ ಸಿಕ್ಕಿತು. ಒಳಗೆ ಪುಟ್ಟ ಬೆರಳುಗಳ ಗುರುತು ಹಾಗೇ ಇತ್ತು. ಧೂಳಿನಲ್ಲಿ ಬಿಡಲಾರದೆ ಪಟ್ಟಣದ ಮ್ಯೂಸಿಯಮ್ಮಿಗೆ ಕಳಿಸಿದೆ. ಮರುದಿನ ಕೆಲಸಕ್ಕೆ ಒಬ್ಬರೂ ಬರಲಿಲ್ಲ. ಹಿಮ ಬೀಳುವ ಮೊದಲು ಮುಚ್ಚದಿದ್ದರೆ ಸುಣ್ಣದ ಗಾರೆ ಕಚ್ಚುವುದಿಲ್ಲ, ಗೋಡೆ ಉಳಿಯುವುದಿಲ್ಲ. ಓಡಿಹೋಗಿ ಮುದುಕ ಮೇಸ್ತ್ರಿ ಲಾಕ್ಲನ್ನನ ಬಾಗಿಲು ತಟ್ಟಿದೆ.

"ದೆವ್ವ ತಡೆಯೋ ಷೂನ ಬಸ್ಸು ಹತ್ತಿಸಿ ಕಳಿಸಿಬಿಟ್ಟೆಯಲ್ಲ ತಾಯಿ," ಎಂದ. "ಕಾವಲಿಲ್ಲದ ಗೋಡೇನ ನಾನು ಮುಚ್ಚಲ್ಲ."

"ವಾಪಸ್ ತರ್ಲಾ?"

"ಹೊಸ್ತಿಲು ದಾಟಿದ್ದು ಮತ್ತೆ ಕಾಯಲ್ಲ. ಈ ಮನೇಲಿ ತುಳಿದು ಸವೆದದ್ದು ಬೇಕು. ನಿನ್ನ ಗಂಡನ ಬೂಟಿಗೆ ಇನ್ನೂ ಅಂಗಡಿ ವಾಸನೆ, ಅದು ಬೇಡ." ಅವನ ಕಣ್ಣು ನನ್ನ ಕಾಲಿನ ಮೇಲಿತ್ತು.

ಇವತ್ತು ನನ್ನ ಎಡಗಾಲಿನ ಬೂಟನ್ನು ಕಲ್ಲುಗಳ ನಡುವೆ ಮಲಗಿಸಿ ಗಾರೆ ಮೆತ್ತಿದ. ಬದುಕಿರುವಾಗಲೇ ನನ್ನನ್ನು ಹೂತ ಹಾಗಾಯಿತು. ಅವನ ಹೆಂಡತಿ ಎಫಿ ಚಹಾ ಕೊಡುತ್ತ, "ಇನ್ನು ನೀನೆಲ್ಲಿಗೆ ಹೋಗ್ತೀಯೇ, ನಮ್ಮೋಳೇ ಆದೆ," ಅಂದಳು. ಯಾರೂ ನಗಲಿಲ್ಲ.

ನೀನು ಕೇಳಿದ್ದ ನನ್ನ ಕೆಮ್ಮು ಕಡಿಮೆಯಾಗಿದೆ. ಗೋಡೆ ನಿಲ್ಲದಿದ್ದರೆ ಎಲ್ಲ ಬಿಟ್ಟು ಗ್ಲಾಸ್ಗೋಗೆ ನಿನ್ನ ಮನೆಗೆ ಬಂದುಬಿಡುತ್ತೇನೆ ಎಂದಿದ್ದೆನಲ್ಲ, ಅಲ್ಲಿ ನನಗಾಗಿ ಇಟ್ಟಿರುವ ಕೋಣೆಯನ್ನು ಬೇರೆ ಯಾರಿಗಾದರೂ ಕೊಡು. ನಿನ್ನ ಹಳೇ ಬೂಟು ಒಂದು ಜೊತೆ ಕಳಿಸು, ನಮ್ಮಿಬ್ಬರದೂ ಒಂದೇ ಅಳತೆ.

ಅಂಚೆ ವ್ಯಾನ್ ಬಂತು.

ಮೊರ್ಯಾಗ್